ಗರ್ಭಸ್ಥ ಜೀವ ಮತ್ತು ವಿಷದ ಅಳತೆ

ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ಜನ್ಮಕ್ಕೆ ಮುನ್ನವೇ ಜೀವವನ್ನು ಗೌರವಿಸುವ ಪರಂಪರೆಯಲ್ಲಿ ಬೆಳೆದ ಶ್ರಾವಕನಿಗೆ, ತಾಯಿಯ ಒಡಲಲ್ಲಿರುವ ಸಾಮಾನ್ಯ ಶಿಶುವಿಗೆ ಹೊರಗಿನ ವಿಷ ಎಷ್ಟು ತಲುಪುತ್ತಿದೆಯೆಂಬುದು ಕೇವಲ ವೈದ್ಯರ ಪ್ರಶ್ನೆಯಾಗಿ ಉಳಿಯಲಾರದು.

ಮಾಸು ಒಂದು ಕೋಟೆ, ತಾಯಿಯ ದೇಹದ ವಿಷ ಅದನ್ನು ದಾಟಲಾರದು ಎಂಬ ನಂಬಿಕೆ ವೈದ್ಯಲೋಕದಲ್ಲಿ ಬಹುಕಾಲ ಇತ್ತು. ಜಪಾನಿನ ಮಿನಮಾಟ ಅದನ್ನು ಕೆಡವಿತು. ಅಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನುಗಳ ಮೂಲಕ ಜನರ ದೇಹವನ್ನು ಸೇರಿತು. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಹೆಚ್ಚಿನ ಲಕ್ಷಣಗಳಿಲ್ಲದ ತಾಯಂದಿರಿಗೂ ತೀವ್ರ ಅಂಗವೈಕಲ್ಯದ ಮಕ್ಕಳು ಹುಟ್ಟಿದರು. ಹೊಕ್ಕುಳಬಳ್ಳಿಯ ತುಣುಕನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಕಾಪಿಡುವುದು ಜಪಾನಿನ ಮನೆಗಳ ಪದ್ಧತಿ. ವಾತ್ಸಲ್ಯಕ್ಕಾಗಿ ಇಟ್ಟುಕೊಂಡ ಆ ತುಣುಕುಗಳನ್ನೇ ಡಾ. ಹರಾಡ ಮತ್ತು ಸಂಗಡಿಗರು 1970ರ ದಶಕದಲ್ಲಿ ಪರೀಕ್ಷಿಸಿ, ಯಾವ ವರ್ಷ ಹುಟ್ಟಿದ ಶಿಶುವಿಗೆ ಎಷ್ಟು ಪಾದರಸ ತಲುಪಿತ್ತೆಂಬುದನ್ನು ಕಂಡುಕೊಂಡರು.

ಇಂದು ಹೊಕ್ಕುಳಬಳ್ಳಿಯ ರಕ್ತ, ಮಾಸು, ತಾಯಿಯ ರಕ್ತ ಇವೆಲ್ಲವನ್ನೂ ಪರೀಕ್ಷಿಸಬಹುದು. ಹುಟ್ಟಿದ ಒಂದೆರಡು ದಿನಗಳಲ್ಲಿ ಶಿಶು ವಿಸರ್ಜಿಸುವ ಕಪ್ಪು ಮಲ ಗರ್ಭದ ನಾಲ್ಕನೆಯ ತಿಂಗಳ ಸುಮಾರಿನಿಂದಲೇ ಶೇಖರವಾಗುತ್ತ ಬಂದಿರುತ್ತದೆ. ಎಸೆದುಬಿಡುವ ಆ ವಸ್ತುವಿನಲ್ಲಿ ಹಲವು ತಿಂಗಳ ಲೆಕ್ಕವಿದೆ. ಅದನ್ನು ಪಡೆಯಲು ಶಿಶುವಿಗೆ ಸೂಜಿಯ ನೋವೂ ಬೇಕಿಲ್ಲ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಪರಿಸರದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಹಾಗೂ ಪತ್ರಕರ್ತ ಶ್ರೀಪಡ್ರೆಯವರು ಅಲ್ಲಿನ ಮಕ್ಕಳ ಸ್ಥಿತಿಯನ್ನು ನಾಡಿನ ಗಮನಕ್ಕೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಯ 117 ಬಾಲಕರನ್ನು ಬೇರೆ ಊರಿನ 90 ಬಾಲಕರೊಂದಿಗೆ ಹೋಲಿಸಿ, ಪಡ್ರೆಯವರ ರಕ್ತದಲ್ಲಿ ಆ ವಿಷದ ಪ್ರಮಾಣ ಹೆಚ್ಚಿದೆಯೆಂದೂ ಅದು ಪ್ರೌಢಾವಸ್ಥೆಯನ್ನು ತಡಮಾಡಬಹುದೆಂದೂ 2003ರಲ್ಲಿ ಪ್ರಕಟಿಸಿದರು. ಸರ್ವೋಚ್ಚ ನ್ಯಾಯಾಲಯ 2011ರ ಮೇ 13ರಂದು ಈ ಕೀಟನಾಶಕವನ್ನು ತಡೆಯಿತು. ಇಷ್ಟಾದರೂ ಮಕ್ಕಳ ನ್ಯೂನತೆಗೆ ಇದೇ ಕಾರಣವೆಂದು ಸಿದ್ಧಪಡಿಸಿ ತೋರಿಸಿರೆಂಬ ವಾದ ನಿಲ್ಲಲಿಲ್ಲ. ಸಿಂಪರಣೆಯ ವರ್ಷಗಳಲ್ಲಿ ಹುಟ್ಟಿದವರ ಹೊಕ್ಕುಳ ರಕ್ತವನ್ನು ವ್ಯವಸ್ಥಿತವಾಗಿ ಅಳೆದಿಟ್ಟಿದ್ದರೆ ಈ ವಾದಕ್ಕೆ ಅಷ್ಟು ಎಡೆ ಇರುತ್ತಿರಲಿಲ್ಲ. ಅಳೆಯದಿರುವುದು ಅನೇಕರಿಗೆ ಅನುಕೂಲ.

ಇಲ್ಲಿಯೇ ಧರ್ಮಸೂಕ್ಷ್ಮವಿದೆ. ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಮಾದದೊಂದಿಗೆ ಜೋಡಿಸುತ್ತದೆ. ಎಚ್ಚರದಿಂದ ನಡೆಯುವವನ ಕಾಲಡಿ ಕಾಣದೆ ಸತ್ತ ಕೀಟಕ್ಕೂ, ನೋಡಬಹುದಾಗಿದ್ದರೂ ನೋಡದೆ ನಡೆದವನ ತಪ್ಪಿಗೂ ಅಂತರವಿದೆ. ಅಳತೆಯ ಉಪಾಯ ಇಲ್ಲದಿದ್ದಾಗ ತಿಳಿಯಲಿಲ್ಲವೆಂಬ ಮಾತು ಸಲ್ಲಬಹುದಿತ್ತು. ಉಪಾಯ ದೊರೆತ ಮೇಲೆ ಅದೇ ಮಾತು ಪ್ರಮಾದವೆನಿಸುತ್ತದೆ.

ಆದರೆ ಆಕ್ಷೇಪವೂ ಹಗುರವಲ್ಲ. ರಕ್ತದಲ್ಲಿ ವಿಷ ಕಂಡಿತೆಂದ ಮಾತ್ರಕ್ಕೆ ರೋಗ ಬಂದೇ ತೀರುತ್ತದೆಂದಲ್ಲ. ತೆಗೆದುಹಾಕಲಾಗದ ವಸ್ತುವಿನ ಅಂಕಿಯನ್ನು ಬಾಣಂತಿಯ ಕೈಗಿತ್ತರೆ ಅವಳಿಗೆ ಉಳಿಯುವುದು ಭಯವೊಂದೇ. ಅತ್ತೆಮನೆಯವರು ಅವಳ ಊಟವನ್ನೋ ಕೆಲಸವನ್ನೋ ದೂರಿದರೆ ಹಿಂಸೆ ಇಮ್ಮಡಿಯಾಗುತ್ತದೆ. ಗಾಳಿಯನ್ನೂ ನೀರನ್ನೂ ಅವಳು ಆರಿಸಿಕೊಂಡಿರುವುದಿಲ್ಲ. ಆದುದರಿಂದ ಅಳತೆಯ ಫಲ ಮೊದಲು ಕೇಳಬೇಕಾದದ್ದು ವಿಷ ತಯಾರಿಸಿದವನನ್ನು, ಮಾರಿದವನನ್ನು, ಸಿಂಪಡಿಸಿದವನನ್ನು. ವಿಷದ ವ್ಯಾಪಾರವನ್ನು ಶ್ರಾವಕನಿಗೆ ನಿಷಿದ್ಧ ವೃತ್ತಿಗಳಲ್ಲಿ ಆಶಾಧರರೂ ಹೇಮಚಂದ್ರರೂ ಎಣಿಸಿದ್ದಾರೆ. ಇಂದು ಗೊಬ್ಬರ-ಔಷಧದ ಅಂಗಡಿಯಲ್ಲಿ ಅದು 'ಔಷಧ'ವೆಂಬ ಹೆಸರು ಹೊತ್ತಿದೆ. ಹೆಸರು ಬದಲಾದ ಮಾತ್ರಕ್ಕೆ ಗುಣ ಬದಲಾಗದು.

ಸಿರುಗುಪ್ಪ ತಾಲೂಕಿನ ಕರೂರಿನಂತಹ ಊರಿಗೂ ಈ ಮಾತು ಸಲ್ಲುತ್ತದೆ. ತುಂಗಭದ್ರೆಯ ನೀರುಂಡ ಈ ಸೀಮೆಯಲ್ಲಿ ಭತ್ತವೇ ಪ್ರಧಾನ. ಪೈರಿಗೆ ಔಷಧ ಹೊಡೆಯುವವರು ಬಹುಮಟ್ಟಿಗೆ ಗಂಡಸರು. ಅದೇ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ನಾಟಿ, ಕಳೆ ಮಾಡುವವರು ಹೆಂಗಸರು, ಅವರಲ್ಲಿ ಬಸುರಿಯರೂ ಇರುತ್ತಾರೆ. ಹೊಲವನ್ನು ಗುತ್ತಿಗೆಗೆ ಕೊಡುವ ಕುಟುಂಬಗಳೂ, ಭೂಮಿ ಉಳಿದಿರುವ ಬಸದಿಗಳ ಟ್ರಸ್ಟುಗಳೂ ಗುತ್ತಿಗೆಯ ಮೊತ್ತವನ್ನು ರೂಪಾಯಿಯವರೆಗೆ ಬರೆಸಿಕೊಳ್ಳುತ್ತವೆ. ಯಾವ ವಿಷ, ಎಷ್ಟು ಸಲ, ಹೊಡೆದ ಮೇಲೆ ಎಷ್ಟು ದಿನ ಕೂಲಿಯವರನ್ನು ಗದ್ದೆಗೆ ಇಳಿಸಬಾರದು ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಬಹುದು.