ಗೋವಿನ ಹಾಡು ಮತ್ತು ಸತ್ಯದ ನಂಟು

ಪ್ರಾಣಭಯದಲ್ಲಿ, ಕೊಲ್ಲಲು ಬಂದವನಿಗೇ ಕೊಟ್ಟ ಮಾತನ್ನು ನಡೆಸಿಕೊಡಬೇಕೇ ಎಂಬುದು ಧರ್ಮಜಿಜ್ಞಾಸುಗಳನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಮಹಾಭಾರತದ ಕರ್ಣಪರ್ವದಲ್ಲಿ, ಅಣ್ಣನ ಮೇಲೆ ಕತ್ತಿಯೆತ್ತಿದ ಅರ್ಜುನನಿಗೆ ಶ್ರೀಕೃಷ್ಣನು ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳಿ, ದಸ್ಯುಗಳಿಗೆ ನಿಜವನ್ನು ನುಡಿದು ನಿರಪರಾಧಿಗಳ ಕೊಲೆಗೆ ಕಾರಣನಾದ ಆತನು ನರಕಕ್ಕಿಳಿದನೆಂದೂ, ಪ್ರಾಣಸಂಕಟದಲ್ಲಿ ಆಡಿದ ಅನೃತವು ಪಾತಕವಲ್ಲವೆಂದೂ ಬೋಧಿಸುತ್ತಾನೆ. ಈ ನ್ಯಾಯದಂತೆ, ಕರುವಿಗೆ ಹಾಲೂಡಿಸಿ ಬರುವೆನೆಂದು ತನ್ನನ್ನು ತಿನ್ನಬಂದ ಹುಲಿಗೆ ಮಾತುಕೊಟ್ಟ ಗೋವಿನ ಹಾಡಿನ ಹಸು ಪುಣ್ಯಕೋಟಿಯು ಅದರ ಬಳಿಗೆ ಹಿಂದಿರುಗಬೇಕಾಗಿರಲಿಲ್ಲ. ಹಸಿದ ಕರುವು ದೊಡ್ಡಿಯಲ್ಲಿದ್ದಿತು, ಹುಲಿಯು ಕಾಡಿನಲ್ಲಿದ್ದಿತು. ಆದರೂ ಅವಳು ಹೊರಟಾಗ, ಹೋಗದೆ ಇರಲಾರಳೆಂದು ಕೇಳುವ ಮಗುವಿಗೂ ತಿಳಿದುಹೋಗುತ್ತದೆ. ಯಾವ ವಾದವನ್ನೂ ಹೂಡದ ಹಾಡು ಈ ನಿಶ್ಚಯವನ್ನು ಹೇಗೆ ಹುಟ್ಟಿಸಿತು?

ಮೊದಲನೆಯದಾಗಿ ನಡೆಯನ್ನು ನೋಡಬೇಕು. ಮೂರು ಮಾತ್ರೆಯ ಗಣವೊಂದು, ನಾಲ್ಕು ಮಾತ್ರೆಯ ಗಣವೊಂದು, ಹೀಗೆ ಹೆಜ್ಜೆಯಿಡುತ್ತ, ಸಾಲುಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಹಿಡಿದು ಸಾಗುವ ಈ ಗತಿಯು ಭಾಮಿನೀ ಷಟ್ಪದಿಯ ಗತಿಗೆ ಹತ್ತಿರವಾದುದು. ಗೊಲ್ಲನು ಹಸುಗಳನ್ನು ಹೆಸರು ಹಿಡಿದು ಕೂಗುವಾಗಲೂ, ಹುಲಿಯು ಅಡ್ಡಗಟ್ಟುವಾಗಲೂ, ಕರುವು ಅಳುವಾಗಲೂ ಅದು ಬದಲಾಗದು. ಭಾವವು ಎಷ್ಟು ಕಲಕಿದರೂ ಕದಲದ ಈ ನಡೆಯೊಳಗೇ, ಅವಳ ಮಾತು ತಪ್ಪಲಾರದೆಂಬ ಭರವಸೆ ಅರ್ಥಕ್ಕೆ ಮುಂಚೆ ಕಿವಿಗೆ ಬಂದು ಸೇರುತ್ತದೆ.

ಆದರೆ ಹಾಡಿನ ನಿಜವಾದ ಶಕ್ತಿಯಿರುವುದು ಸಂಬೋಧನೆಗಳಲ್ಲಿ. ಇಲ್ಲಿ ಎಲ್ಲರೂ ಯಾರನ್ನಾದರೂ ನಂಟಿನ ಹೆಸರಿನಿಂದ ಕರೆಯುತ್ತಾರೆ. ತಬ್ಬಲಿಯಾಗಲಿರುವ ಕರುವು, ಇನ್ನು ಯಾರ ಮೊಲೆಯನ್ನು ಕುಡಿಯಲಿ, ಯಾರ ಪಕ್ಕದಲ್ಲಿ ಮಲಗಲಿ ಎಂದು ಒಂದೇ ಅಚ್ಚಿನ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಕೇಳುತ್ತದೆ. ಆ ಪುನರಾವೃತ್ತಿಯಲ್ಲಿ ತಾಯಿ ಎಂಬುದರ ಅರ್ಥವೇ ಹಾಲಾಗಿ, ಮೈಯ ಬಿಸಿಯಾಗಿ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆ. ಪುಣ್ಯಕೋಟಿಯು ಒಡನಾಡಿ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಕರುವು ಮುಂದೆ ಬಂದರೆ ಹಾಯಬೇಡಿರಿ, ಹಿಂದೆ ಬಂದರೆ ಒದೆಯಬೇಡಿರಿ, ನಿಮ್ಮ ಕಂದನೆಂದೇ ಕಾಣಿರಿ ಎಂದು ಬೇಡಿಕೊಳ್ಳುತ್ತಾಳೆ. ಇಂಥ ನಂಟುಗಳ ನಡುವೆ, ಹಾಡು ಸತ್ಯವನ್ನೂ ತಾಯಿ, ತಂದೆ, ಬಳಗವೆಂದು ಕರೆಯುತ್ತದೆ. ಬೇರೆಡೆ ಇದು ನೀತಿಪಾಠದ ರೂಪಕವಾಗಿ ಸಪ್ಪೆಯಾಗುತ್ತಿತ್ತು. ಇಲ್ಲಿಯಾದರೋ, ತಾಯಿಯನ್ನು ಕಳೆದುಕೊಳ್ಳುವುದು ಎಂಥದೆಂಬುದನ್ನು ಕರುವಿನ ಬಾಯಿಂದಲೇ ಕೇಳುವ ಮಗುವಿಗೆ ಸತ್ಯವನ್ನು ಬಿಡುವುದೆಂದರೆ ಏನೆಂಬುದೂ ತಿಳಿಯುತ್ತದೆ. ತಾಯಿಯನ್ನು ಬಿಟ್ಟವಳು ಮಗುವಿಗೆ ಯಾವ ತಾಯ್ತನವನ್ನು ಕೊಟ್ಟಾಳು? ಸತ್ಯವು ಶಾಸ್ತ್ರದ ಕಟ್ಟಳೆಯಾಗಿದ್ದರೆ ಕೃಷ್ಣನು ಹೇಳಿದ ವಿನಾಯಿತಿ ಅದಕ್ಕೆ ಸಲ್ಲುತ್ತಿತ್ತು, ನಂಟಿಗೆ ವಿನಾಯಿತಿಯೆಲ್ಲಿಯದು?

ಪದ್ಮಪುರಾಣದ ಸೃಷ್ಟಿಖಂಡದಲ್ಲಿಯೂ ಇಂಥದೇ ಕಥೆಯುಂಟು. ಅಲ್ಲಿ ಹಸುವಿನ ಹೆಸರು ನಂದಾ. ಹುಲಿಯು, ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಕೊಂದು ಶಾಪಗ್ರಸ್ತನಾದ ಪ್ರಭಂಜನನೆಂಬ ಅರಸು. ಅವನ ಬಿಡುಗಡೆಯು ಮೊದಲೇ ಗೊತ್ತುಮಾಡಲ್ಪಟ್ಟ ಶಾಪವಿಮೋಚನೆ. ಕನ್ನಡದ ಹಾಡಿನಲ್ಲಿ ಈ ಪೂರ್ವಕಥೆಯಿಲ್ಲ. ನನ್ನ ಮಟ್ಟಿಗೆ ಇದು ಅದರ ಅತಿದೊಡ್ಡ ಧೈರ್ಯ. ಇಲ್ಲಿಯ ಹುಲಿ ಹುಲಿಯೇ, ಹಸಿವು ಅದರ ಹುಟ್ಟುಗುಣ. ಅದರ ಹೃದಯವು ಮಾರ್ಪಡುವುದು, ಇಗೋ ಮಾಂಸ, ಇಗೋ ರಕ್ತ ಎಂದು ಹಸುವು ತನ್ನ ಮೈಯನ್ನೇ ಎಡೆಯಿಟ್ಟಂತೆ ಎಣಿಸಿಕೊಡುವ ಮಾತನ್ನು ಕೇಳಿದುದರಿಂದ ಮಾತ್ರ. ಕೇಳಿದೊಡನೆ ಅದೂ ಅವಳನ್ನು ಒಡಹುಟ್ಟಿದವಳೆಂದು ಕರೆಯುತ್ತದೆ.

ಹಾಡಿನ ಕೊನೆಯಲ್ಲಿ ತಾನೇ ಪ್ರಾಣಬಿಡುವ ಹುಲಿಯನ್ನು ಬದುಕಿಸಬಹುದಿತ್ತಲ್ಲವೇ ಎಂದು ಮಕ್ಕಳು ಕೇಳುವುದುಂಟು. ಅವರ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಹಾಡಿನ ರಚನೆಯೇ ಇದಕ್ಕೆ ಎಡೆಗೊಡದು. ಹುಲಿಯು ಆಡಿದುದೂ ಒಂದು ಮಾತೇ. ಅವಳನ್ನು ಅಕ್ಕನೆಂದ ಮೇಲೆ ತಿನ್ನುವಂತಿಲ್ಲ, ತಿನ್ನದೆ ಹುಲಿಯಾಗಿ ಉಳಿಯುವಂತಿಲ್ಲ. ಹಸುವು ಮಾತಿಗಾಗಿ ಪ್ರಾಣವನ್ನು ಕೊಡಲು ಬಂದಳು, ಕೊಟ್ಟುದು ಹುಲಿ. ಪ್ರಾಣಸಂಕಟದಲ್ಲಿ ಸುಳ್ಳಿಗೆ ಅನುಮತಿಯುಂಟೆಂಬ ನ್ಯಾಯವು ಆ ಗಳಿಗೆಯಲ್ಲಿ ಹುಲಿಗೂ ದೊರೆಯಬಹುದಿತ್ತು. ಅದೂ ಅದನ್ನು ಬಯಸಲಿಲ್ಲ.