ಗಾಳ ಕಲಿಸುವ ಮಿತಿ

ಬಾಗಲೂರಿನ ಮಕ್ಕಳಿಗೆ ಕಡಲು ದೂರದ ಮಾತು. ನಮ್ಮ ಸೀಮೆಯ ದಕ್ಷಿಣ ಪಿನಾಕಿನಿಯು ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆಂದು ಭೂಗೋಳದ ಪಾಠದಲ್ಲಿ ಹೇಳುತ್ತೇವೆ. ಆದರೆ ಮಕ್ಕಳು ಕಣ್ಣಾರೆ ಬಲ್ಲ ಮೀನುಗಾರಿಕೆಯೆಂದರೆ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕುಳಿತುಕೊಳ್ಳುವುದೇ. ಈಚೆಗೆ ಲಕ್ಷದ್ವೀಪದ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬನು ಕೇಳಿದ ಪ್ರಶ್ನೆಯು ನಮ್ಮನ್ನು ಹಲವು ದಿನ ಬಿಡದೆ ಕಾಡಿತು. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಆ ದ್ವೀಪಗಳು ಕನ್ನಡಿಗರಿಗೆ ತೀರ ಹೊರಗಿನವಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳಿಗೆ ದಕ್ಷಿಣದಲ್ಲಿ, ಬಹು ದೂರದಲ್ಲಿ, ಮಿನಿಕಾಯ್ ದ್ವೀಪವಿದೆ. ಅಲ್ಲಿಯವರು ಟ್ಯೂನಾ ಮೀನನ್ನು ಹಿಡಿಯುವ ಕ್ರಮ ಹೀಗಿದೆ: ಹವಳದ ದಿಬ್ಬಗಳ ಒಳಗಿನ ತಿಳಿನೀರಿನಲ್ಲಿ ಸಣ್ಣ ಮೀನುಗಳನ್ನು ಬಲೆಯಿಂದ ಹಿಡಿದು, ದೋಣಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ತೆರೆದ ಕಡಲಿನಲ್ಲಿ ಟ್ಯೂನಾ ಗುಂಪು ಕಂಡೊಡನೆ ಅವನ್ನು ಎರಚಿ, ನೀರನ್ನು ಚಿಮುಕಿಸುತ್ತಾರೆ. ಟ್ಯೂನಾ ಮುತ್ತಿಕೊಂಡಾಗ, ಮರುಮುಳ್ಳಿಲ್ಲದ ಕೊಕ್ಕೆಯ ಗಾಳಕೋಲಿನಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುತ್ತಾರೆ. ಬೇಯಿಸಿ, ಹೊಗೆಯಿಟ್ಟು, ಒಣಗಿಸಿದ ಆ ಮೀನಿಗೆ ‘ಮಾಸ್’ ಎಂದು ಹೆಸರು. ಬೇಡದ ಜೀವಿಗಳು ಈ ಗಾಳಕ್ಕೆ ಸಿಕ್ಕುವುದು ಅಪರೂಪ.

ಇದನ್ನು ವಿವರಿಸಿ, “ನೋಡಿರಪ್ಪ, ಸಾಕೆಂಬುದನ್ನು ಬಲ್ಲವರು ಇವರು” ಎಂದೆವು. ಆಗ ಆ ಹುಡುಗನು, “ಮೇಷ್ಟ್ರೇ, ಅವರ ಹತ್ತಿರ ದೊಡ್ಡ ಬಲೆ ಇದ್ದಿದ್ದರೆ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ.

ಪ್ರಶ್ನೆ ನ್ಯಾಯವಾದದ್ದು. ಕೈಲಾಗದವನ ಸಂಯಮವನ್ನು ಸಂಯಮವೆನ್ನಬಹುದೆ? ಗಾಳ ಹಿಡಿದವನಿಗೆ ತೋಳೇ ಅಳತೆ. ಉಸಿರು ಬಿಗಿಹಿಡಿದು ಮುಳುಗುವವನಿಗೆ ಉಸಿರೇ ಅಳತೆ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡವನಿಗೆ ಆ ಅಳತೆ ಸಡಿಲವಾಗುತ್ತದೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ಹಾಗೆ ಮುಳುಗುವ ಪ್ರವಾಸಿಗರು ಹವಳವನ್ನೂ ಮೀನನ್ನೂ ಕಣ್ತುಂಬ ನೋಡಿ ಮೇಲೆ ಬರುತ್ತಾರೆ. ಲಕ್ಷದ್ವೀಪದ ಕಡಲಿನಲ್ಲಾದರೋ ಕಡಲಸೌತೆಯೆಂಬ ಸಾಧುಜೀವಿಯನ್ನು ಹೊರದೇಶದ ಹಣಕ್ಕಾಗಿ ಬಾಚಿ ಒಯ್ದವರೂ ಉಂಟು. ಅದನ್ನು 2001ರಲ್ಲಿ ಕಾನೂನಿನ ರಕ್ಷಣೆಗೆ ಒಳಪಡಿಸಬೇಕಾಯಿತು. ಪ್ರಖರವಾದ ವಿದ್ಯುದ್ದೀಪ ಹೊತ್ತಿಸಿ ಮೀನನ್ನು ಸೆಳೆದು ಹಿಡಿಯುವುದನ್ನು ಭಾರತ ಸರ್ಕಾರವು 2017ರಲ್ಲಿ ನಿಷೇಧಿಸಿತು. ಸಾಧನ ಬೆಳೆದಂತೆಲ್ಲ ಮಿತಿಯನ್ನು ಹೊರಗಿನಿಂದ ತರಬೇಕಾಗಿ ಬಂದಿತೆಂಬುದು ಇದರಿಂದ ಸ್ಪಷ್ಟ.

ಹಾಗೆಂದು, ಗಾಳದವನಿಗೆ ಎಂದೆಂದಿಗೂ ಗಾಳವೇ ಸಾಕೆಂದು ಹೊಟ್ಟೆ ತುಂಬಿದ ನಾವು ಉಪದೇಶಿಸುವುದು ಧರ್ಮವಲ್ಲ. ಅವನಿಗೂ ಮಕ್ಕಳುಂಟು, ಸಾಲವುಂಟು. ಬಡತನವನ್ನು ಸದ್ಗುಣವೆಂದು ಹೊಗಳುವುದು ಸುಲಭ. ಅದನ್ನು ಅನುಭವಿಸುವುದು ಕಷ್ಟ.

ನಮ್ಮ ಅಲ್ಪಮತಿಗೆ ತೋರಿದ ಸಮಾಧಾನ ಇಷ್ಟು. ಮಗುವು ಮಗ್ಗಿಯನ್ನು ಮೊದಲು ಮೇಷ್ಟರ ಅಂಜಿಕೆಯಿಂದಲೇ ಕಲಿಯುತ್ತದೆ. ದೊಡ್ಡವನಾದ ಮೇಲೆ ಯಾರ ಅಂಜಿಕೆಯೂ ಇಲ್ಲದೆ ಅದೇ ಮಗ್ಗಿಯಿಂದ ಲೆಕ್ಕ ಮಾಡುತ್ತಾನೆ. ಮಿತಿಯೂ ಹಾಗೆಯೇ. ಗಾಳವು ಹೇರಿದ ಮಿತಿ ಸದ್ಗುಣವಲ್ಲ, ಸದ್ಗುಣದ ಶಾಲೆ. ಅಲ್ಲಿ ಕಲಿತದ್ದು ಮನಸ್ಸಿಗೆ ಇಳಿದಿದೆಯೋ ಇಲ್ಲವೋ ಎಂಬುದು ಬಲೆ ಕೈಗೆ ಬಂದ ದಿನ ತಿಳಿಯುತ್ತದೆ.

ಆ ದಿನ ನಮಗೆ ಬಂದಿಲ್ಲವೆಂದು ತಿಳಿಯಬಾರದು. ಕಡಲು ಮಿತಿಮೀರಿ ಕಾದದ್ದರಿಂದ 1998, 2010, 2016ರಲ್ಲಿ ಲಕ್ಷದ್ವೀಪದ ಹವಳವು ಬಿಳಿಚಿ, ಬಹುಭಾಗ ಸತ್ತಿತು. ಹವಳ ಸತ್ತರೆ ಗಾಳದವನು ಎರಚುವ ಸಣ್ಣ ಮೀನುಗಳ ನೆಲೆಯೂ ಹೋಗುತ್ತದೆ. ಕಾಯಿಸಿದವನು ಅವನೊಬ್ಬನೇ ಅಲ್ಲ; ಕಲ್ಲಿದ್ದಲನ್ನೂ ಎಣ್ಣೆಯನ್ನೂ ಎಗ್ಗಿಲ್ಲದೆ ಉರಿಸುವ ನಾವೆಲ್ಲರೂ ಅದರಲ್ಲಿ ಪಾಲುದಾರರು. ಕಡಲನ್ನೇ ಕಾಣದ ಬಾಗಲೂರಿನವರ ಕೈಯಲ್ಲಿಯೂ ಒಂದು ಬಲೆಯಿದೆ.

ಮರುವಾರ ಆ ಹುಡುಗನನ್ನು ಕರೆದು, “ನಿನ್ನ ಪ್ರಶ್ನೆ ಅವರಿಗಲ್ಲಪ್ಪ, ನಮಗೆ” ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರೂ ಇಲ್ಲದ ಪಕ್ಕದ ಕೋಣೆಗೆ ಹೋಗಿ ಅಲ್ಲಿ ಸುಮ್ಮನೆ ಉರಿಯುತ್ತಿದ್ದ ದೀಪವನ್ನು ಆರಿಸಿ ಬಂದನು.