ತಾರೀಖು ಬದಲಿಸೋದು ಎರಡು ನಿಮಿಷದ ಕೆಲಸ



ಹೊರಡುವ ಮೊದಲು ಆರೋಗ್ಯದ ನಿಯಮ ನೋಡಿಕೊಳ್ಳಿ ಅಂದರೆ ಒಂದು ಉತ್ತರ ಬಂದೇ ಬರುತ್ತದೆ: "ಅಯ್ಯಪ್ಪ ನೋಡ್ಕೋತಾನೆ ಬಿಡಿ ಸ್ವಾಮಿ." ನಾನೂ ಹಾಗೆ ಹೇಳುತ್ತಿದ್ದವನೇ. ಅದರಲ್ಲಿ ಭಕ್ತಿ ಎಷ್ಟು, ಸೋಮಾರಿತನ ಎಷ್ಟು ಅಂತ ಯೋಚಿಸುವ ಹಾಗೆ ಮಾಡಿದ್ದು 2021ರ ಜನವರಿಯ ಯಾತ್ರೆ.

2020ರ ನವೆಂಬರ್‌ನಲ್ಲಿ ಮಂಡಲ ಕಾಲ ಶುರುವಾದಾಗ ವಾರದ ದಿನಗಳಲ್ಲಿ 1,000, ಶನಿವಾರ ಭಾನುವಾರ 2,000 ಜನರಿಗಷ್ಟೇ ದರ್ಶನ. ವರ್ಚುವಲ್ ಕ್ಯೂ ಬುಕಿಂಗ್ ಜೊತೆ 24 ಗಂಟೆಯೊಳಗಿನ ಕೋವಿಡ್ ನೆಗೆಟಿವ್ ಸರ್ಟಿಫಿಕೇಟ್ ಬೇಕು. ಪಂಪೆಯಲ್ಲಿ ಮುಳುಗುವಂತಿಲ್ಲ, ಸನ್ನಿಧಾನದಲ್ಲಿ ತಂಗುವಂತಿಲ್ಲ. ಇದನ್ನೆಲ್ಲ ಓದಿ ನಮ್ಮ ಪುಣೆ ತಂಡಕ್ಕೆ ಬರೆದು ಹಾಕಿದವನು ನಾನೇ. ದಾರಿಯಲ್ಲೇ ಆಂಟಿಜೆನ್ ಟೆಸ್ಟ್ ಮಾಡಿಸೋಣ ಅಂತ ತೀರ್ಮಾನವೂ ಆಯಿತು. ಆಮೇಲೆ ನಾನು ತಿರುಗಿ ನೋಡಲಿಲ್ಲ.

ಡಿಸೆಂಬರ್ ಕೊನೆಗೆ ನಿಯಮ ಬದಲಾಗಿತ್ತು. ಆರ್‌ಟಿ-ಪಿಸಿಆರ್ ಟೆಸ್ಟೇ ಆಗಬೇಕು, ಅದೂ 48 ಗಂಟೆಯೊಳಗಿನದು. ನನಗೆ ಗೊತ್ತಾಗಿದ್ದು ಹೊರಡುವ ಹಿಂದಿನ ದಿನ.

ತಂಡದ ಕನ್ನಿಸ್ವಾಮಿಯೊಬ್ಬರ ಹತ್ತಿರ ಆಫೀಸಿಗಾಗಿ ಮಾಡಿಸಿದ್ದ ನೆಗೆಟಿವ್ ರಿಪೋರ್ಟ್ ಇತ್ತು. ನಾಲ್ಕು ದಿನ ಹಳೆಯದು. "ಸ್ವಾಮಿ, ನೀವು ಕಂಪ್ಯೂಟರ್ ಕೆಲಸದವರು. ತಾರೀಖು ಮಾತ್ರ ಬದಲಿಸಿ ಕೊಡಿ. ನೆಗೆಟಿವ್ ಅನ್ನೋದು ಸುಳ್ಳಲ್ವಲ್ಲ?" ಅಂದರು. ಎರಡು ನಿಮಿಷದ ಕೆಲಸ. ತಪ್ಪು ನನ್ನದು, ತೊಂದರೆ ಅವರಿಗೆ. 41 ದಿನ ವ್ರತ ಮಾಡಿದವರು ನನ್ನಿಂದ ದರ್ಶನ ಕಳೆದುಕೊಂಡರೆ ಅದು ಯಾವ ನ್ಯಾಯ?

ಆದರೂ ಆಗಲ್ಲ ಅಂದೆ. ನಾಲ್ಕು ದಿನದಲ್ಲಿ ಸೋಂಕು ತಗುಲಿರಬಹುದು. ಆ ಕಾಗದದಲ್ಲಿ ತಾರೀಖೇ ಮುಖ್ಯ. ಅದನ್ನು ಬದಲಿಸಿದರೆ ನೆಗೆಟಿವ್ ಅನ್ನೋ ಮಾತಿಗೂ ಅರ್ಥ ಇರಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಸ್ಯಾಂಪಲ್ ಕೊಟ್ಟೇ ವ್ಯಾನ್ ಹತ್ತಿದೆವು. ರಿಪೋರ್ಟ್ ದಾರಿಯಲ್ಲಿ ಮೊಬೈಲಿಗೆ ಬಂತು. ಎಲ್ಲರದೂ ನೆಗೆಟಿವ್.

"ನೋಡಿ, ಸುಮ್ಮನೆ ದುಡ್ಡು ದಂಡ" ಅಂದರು ಅವರು. ಏನೂ ಆಗಲಿಲ್ಲ ಅಂದಮೇಲೆ ನಾನು ಹಟ ಹಿಡಿದದ್ದು ವ್ಯರ್ಥವೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಇಲ್ಲ ಅನ್ನಿಸುತ್ತದೆ ನನಗೆ. ಫಲ ತಿಳಿದದ್ದು ಆಮೇಲೆ; ತೀರ್ಮಾನ ಮಾಡುವಾಗ ಯಾರಿಗೂ ಗೊತ್ತಿರಲಿಲ್ಲ. ಆ ಸೀಸನ್‌ನಲ್ಲಿ ಶಬರಿಮಲೆಯಲ್ಲಿ ಡ್ಯೂಟಿ ಮಾಡುತ್ತಿದ್ದ ಪೊಲೀಸರಿಗೆ, ದೇವಸ್ವಂ ಸಿಬ್ಬಂದಿಗೆ ಸೋಂಕು ತಗುಲಿತ್ತು. ಅಯ್ಯಪ್ಪನ ಮೇಲೆ ಭಾರ ಹಾಕಿ ನಮ್ಮ ಜೀವವನ್ನು ನಾವು ಒಡ್ಡಬಹುದು. ಕೌಂಟರಿನಲ್ಲಿ ನಮ್ಮ ತುಪ್ಪ ತೆಗೆದುಕೊಳ್ಳುವವರ ಜೀವವನ್ನು ಒಡ್ಡಲು ನಮಗೆ ಅಧಿಕಾರ ಕೊಟ್ಟವರು ಯಾರು? ಮಾಲೆ ಹಾಕಿದ ದಿನದಿಂದ ಎದುರು ಸಿಕ್ಕವರನ್ನೆಲ್ಲ ಸ್ವಾಮಿ ಅಂತೇವೆ. ಅದು ಬರೀ ಬಾಯಿಮಾತಲ್ಲ ಅಂದರೆ, ಅವರ ಮುಂದೆ ಹಿಡಿಯುವ ಕಾಗದವೂ ಸತ್ಯವಾಗಿರಬೇಕು.

ಆದರೆ ಬೇಡ ಅಂದದ್ದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಾನು ಇನ್ನೊಮ್ಮೆ ನಿಯಮ ನೋಡಿದ್ದರೆ ಆ ಕನ್ನಿಸ್ವಾಮಿ ಸುಳ್ಳು ಕೇಳುವ ಪರಿಸ್ಥಿತಿಯೇ ಬರುತ್ತಿರಲಿಲ್ಲ. ಹಾಗಾಗಿ ಈಗ ಬುಕಿಂಗ್ ಮಾಡುವಾಗ ಒಮ್ಮೆ, ಇರುಮುಡಿ ಕಟ್ಟುವ ವಾರ ಒಮ್ಮೆ, ಹೊರಡುವ ಹಿಂದಿನ ದಿನ ಒಮ್ಮೆ ನೋಡುತ್ತೇನೆ. ಫಾರ್ವರ್ಡ್ ಮೆಸೇಜ್ ಅಲ್ಲ, ದೇವಸ್ವಂ ಬೋರ್ಡ್ ಮತ್ತು ಕೇರಳ ಸರ್ಕಾರದ ಸೂಚನೆಯನ್ನೇ. ವ್ರತದಲ್ಲಿ ಇದೂ ಒಂದು ಅಂತ ಅಂದುಕೊಂಡಿದ್ದೇನೆ.

ಸ್ವಾಮಿಯೇ ಶರಣಮಯ್ಯಪ್ಪ.